ಎಪ್ಪತ್ತೈದು ಕಿಲೋ ಎಳೆತದಡಿ

ಗೋಡೆಗೆ ಒರಗಿಸಿಟ್ಟ ಗಿಟಾರ್ ವಿಶ್ರಾಂತಿ ಪಡೆಯುತ್ತಿದೆ ಅನ್ನಿಸುತ್ತದೆ. ಇಲ್ಲ. ಅದರ ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 75 ಕಿಲೋ ತೂಕದಷ್ಟು ಬಲದಿಂದ ಅದರ ಎರಡು ತುದಿಗಳನ್ನು ಹತ್ತಿರಕ್ಕೆ ಎಳೆಯುತ್ತಲೇ ಇರುತ್ತವೆ. ನುಡಿಸಿದರೂ ಅಷ್ಟೇ, ಹತ್ತು ವರ್ಷ ಅಟ್ಟದ ಮೇಲೆ ಮರೆತುಬಿಟ್ಟರೂ ಅಷ್ಟೇ. ಅಂಗಡಿಯಲ್ಲಿ ‘ಲೈಟ್’ ಎಂದು ಮಾರುವ ತಂತಿಗಳ ಲೆಕ್ಕ ಇದು. ‘ಮೀಡಿಯಂ’ ಹಾಕಿದರೆ ಎಳೆತ 84 ಕಿಲೋ ಆಸುಪಾಸಿಗೆ ಏರುತ್ತದೆ. ಮೈತುಂಬಿಕೊಂಡ ಆಳೊಬ್ಬ ಹಗಲೂ ರಾತ್ರಿ ಆ ತಂತಿಗಳಿಗೆ ಜೋತುಬಿದ್ದಿರುವ ಹಾಗೆ.

ಇದನ್ನು ತಡೆದುಕೊಳ್ಳಬೇಕಾದದ್ದು ಸ್ಪ್ರೂಸ್ ಮರದ ಮೇಲ್ಹಲಗೆ. ಅದರ ದಪ್ಪ ಮೂರು ಮಿಲಿಮೀಟರಿನ ಒಳಗೇ. ತಂತಿಗಳು ಹಲಗೆಗೆ ಅಂಟಿಕೊಂಡು ಹಾದುಹೋಗುವುದಿಲ್ಲ. ಬ್ರಿಡ್ಜ್ ಮತ್ತು ಅದರೊಳಗೆ ಕೂತ ಮೂಳೆಯ ಸ್ಯಾಡಲ್ ಸೇರಿ ಅವನ್ನು ಹಲಗೆಯಿಂದ ಹನ್ನೆರಡು-ಹದಿಮೂರು ಮಿಲಿಮೀಟರ್ ಮೇಲಕ್ಕೆ ಎತ್ತಿ ಹಿಡಿದಿರುತ್ತವೆ. ಹಾಗಾಗಿ ಎಳೆತವು ಬ್ರಿಡ್ಜನ್ನು ಮುಂದಕ್ಕೆ ಮಗುಚುವ ಬಲವೂ ಆಗುತ್ತದೆ, ಸುಮಾರು 9 ನ್ಯೂಟನ್-ಮೀಟರಿನಷ್ಟು. ಬ್ರಿಡ್ಜಿನ ಹಿಂದಿನ ಹಲಗೆ ಉಬ್ಬುತ್ತದೆ, ಸೌಂಡ್‌ಹೋಲ್ ಕಡೆಯ ಹಲಗೆ ತಗ್ಗುತ್ತದೆ. ಹಳೆಯ ಗಿಟಾರೊಂದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದರೆ ಈ ಏರಿಳಿತ ಬರಿಗಣ್ಣಿಗೇ ಸಿಗುತ್ತದೆ.

ಹಲಗೆಯನ್ನು ದಪ್ಪ ಮಾಡಿದರಾಯಿತಲ್ಲ? ಆಗ ಗಿಟಾರ್ ಬಾಗುವುದಿಲ್ಲ, ಕೇಳಿಸುವುದೂ ಇಲ್ಲ. ತಂತಿ ತೀರಾ ತೆಳ್ಳಗಿರುವುದರಿಂದ ತಾನಾಗಿ ಗಾಳಿಯನ್ನು ಅಷ್ಟಾಗಿ ಅಲುಗಿಸಲಾರದು. ಅದು ಹಲಗೆಯನ್ನು ಅಲುಗಿಸಬೇಕು, ಹಲಗೆ ಗಾಳಿಯನ್ನು ಅಲುಗಿಸಬೇಕು. ಹಲಗೆ ಭಾರವಾದಷ್ಟೂ, ಬಿಗಿಯಾದಷ್ಟೂ ತಂತಿಯ ಶಕ್ತಿಗೆ ಅದು ಮಣಿಯುವುದಿಲ್ಲ. ಆದ್ದರಿಂದ ಒಳ್ಳೆಯ ಕುಶಲಕರ್ಮಿ ಧೈರ್ಯವಿದ್ದಷ್ಟು ತೆಳುವಾಗಿ ಹೆರೆಯುತ್ತಾನೆ. ಅಲ್ಲಿಂದ ಮುಂದೆ ಕಾಲದ ಕೆಲಸ. ಮರ ಉಕ್ಕಿನ ಸ್ಪ್ರಿಂಗಿನಂತಲ್ಲ. ದೀರ್ಘಕಾಲ ಒಂದೇ ದಿಕ್ಕಿನಲ್ಲಿ ಭಾರ ಬಿದ್ದರೆ ಅದರ ನಾರುಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜರುಗಿ, ಭಾರ ತೆಗೆದ ಮೇಲೂ ಮೊದಲಿನ ಜಾಗಕ್ಕೆ ಮರಳುವುದಿಲ್ಲ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ತೇವ ಮತ್ತು ಬಿಸಿ ಹೆಚ್ಚಿದಷ್ಟೂ ಇದು ಚುರುಕಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಟ್ಟುಹೋಗುವವರು ಇದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಯುತ್ತಾರೆ.

ಹೀಗೆ ಬಾಗಿದ, ಬಿರಿದ, ಅಂಟು ಬಿಟ್ಟ ಗಿಟಾರ್ ಎದುರಿಗಿದ್ದಾಗ ಎರಡು ಬಗೆಯ ಜನ ಅದರ ಮೇಲೆ ಬಗ್ಗುತ್ತಾರೆ. ಒಬ್ಬರಿಗೆ ಅದನ್ನು ಮತ್ತೆ ನುಡಿಯುವಂತೆ ಮಾಡಬೇಕು. ಇನ್ನೊಬ್ಬರಿಗೆ ಅದು ಯಾವ ವರ್ಷದ್ದು ಎಂದು ಹೇಳಬೇಕು. ಎಷ್ಟೋ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ, ಆದರೂ ಎರಡು ಕೆಲಸಗಳಿಗೂ ಒಳಗೊಳಗೇ ಜಗಳ. ವಯಸ್ಸು ಹೇಳುವವರಿಗೆ ಬೇಕಾದ ಸಾಕ್ಷ್ಯ ಹಳೆಯ ಅಂಟಿನಲ್ಲಿ, ಮಾಸಿದ ಪಾಲಿಶಿನಲ್ಲಿ, ಉಳಿಯ ಗುರುತಿನಲ್ಲಿ ಇರುತ್ತದೆ. ದುರಸ್ತಿ ಮಾಡುವವರು ಮೊದಲು ಕೈ ಹಾಕುವುದೂ ಅಲ್ಲಿಗೇ.

ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರುಗಳನ್ನೇ ಹಿಡಿದು ಈ ಜಗಳವನ್ನು ನೋಡೋಣ. ಅವುಗಳ ದಾಖಲೆ ಬೇರೆ ಯಾರದ್ದಕ್ಕಿಂತಲೂ ಚೊಕ್ಕವಾಗಿದೆ. ಸ್ಥಾಪಕ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1796ರಲ್ಲಿ ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಖೆನ್ ಎಂಬ ವಾದ್ಯಗಾರರ ಊರಿನಲ್ಲಿ ಹುಟ್ಟಿದವರು. 1833ರಲ್ಲಿ ನ್ಯೂಯಾರ್ಕಿಗೆ ಬಂದರು, ಆ ದಶಕ ಮುಗಿಯುವುದರೊಳಗೆ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಪುಟ್ಟ ಊರು ಸೇರಿದರು. ಕಂಪನಿ ಇವತ್ತಿಗೂ ಅಲ್ಲೇ ಇದೆ. ಮೇಲ್ಹಲಗೆಯ ಒಳಮೈಗೆ ಎಕ್ಸ್ ಆಕಾರದಲ್ಲಿ ಎರಡು ಪಟ್ಟಿಗಳನ್ನು ಅಂಟಿಸುವ ಕ್ರಮ ಅವರ ಗಿಟಾರುಗಳಲ್ಲಿ 1840ರ ದಶಕದಲ್ಲಿ ಕಾಣಿಸಿಕೊಂಡಿತು. ಆಗ ಉಕ್ಕಿನ ತಂತಿ ಬಳಕೆಯಲ್ಲಿರಲಿಲ್ಲ. ಪ್ರಾಣಿಗಳ ಕರುಳಿನಿಂದ ಹೊಸೆದ ತಂತಿಗಳ ಎಳೆತ ಉಕ್ಕಿನದರ ಹೆಚ್ಚುಕಡಿಮೆ ಅರ್ಧ. ಕರುಳಿನ ತಂತಿಗೆಂದು ಹುಟ್ಟಿದ ಈ ಎಕ್ಸ್ ಮುಂದೆ ಉಕ್ಕಿನ ತಂತಿಯ ಕಾಲಕ್ಕೇ ಹೇಳಿಮಾಡಿಸಿದಂತಾದದ್ದು ವಿಚಿತ್ರ. ಇವತ್ತು ಜಗತ್ತಿನ ಬಹುಪಾಲು ಅಕೌಸ್ಟಿಕ್ ಗಿಟಾರುಗಳ ಹೊಟ್ಟೆಯೊಳಗೆ ಇರುವುದು ಅದೇ ವಿನ್ಯಾಸ. ಮಾರ್ಟಿನ್ ಉಕ್ಕಿನ ತಂತಿಗೆಂದೇ ಗಿಟಾರುಗಳನ್ನು ಕ್ರಮವಾಗಿ ಕಟ್ಟತೊಡಗಿದ್ದು 1922ರಿಂದ. ಅದಕ್ಕೆ ಹಿಂದಿನ ಗಿಟಾರ್ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು ‘ಎಷ್ಟು ಹಳೆಯದು’ ಎಂದಲ್ಲ, ‘ಯಾವ ತಂತಿಗೆ ಮಾಡಿದ್ದು’ ಎಂದು. ಗೊತ್ತಿಲ್ಲದೆ ಉಕ್ಕಿನ ತಂತಿ ಬಿಗಿದು ಕೊಂದ ಹತ್ತೊಂಬತ್ತನೆಯ ಶತಮಾನದ ಗಿಟಾರುಗಳು ಕಡಿಮೆಯೇನಿಲ್ಲ.

ವಯಸ್ಸು ತಿಳಿಯಲು ಸುಲಭದ ದಾರಿ ಅಂಕಿ. ಸೌಂಡ್‌ಹೋಲಿನೊಳಗೆ ಪುಟ್ಟ ಟಾರ್ಚ್ ಬಿಟ್ಟು, ನೆಕ್ ಬಂದು ಕೂಡುವ ಕಡೆಯ ಮರದ ತುಂಡನ್ನು ನೋಡಿದರೆ ಅಲ್ಲಿ ಅಚ್ಚೊತ್ತಿದ ಸಂಖ್ಯೆ ಇರುತ್ತದೆ. ಮಾರ್ಟಿನ್ ಇದನ್ನು ಶುರುಮಾಡಿದ್ದು 1898ರಲ್ಲಿ. ಅಷ್ಟರಲ್ಲಿ ಎಷ್ಟು ಗಿಟಾರ್ ಮಾಡಿರಬಹುದು ಎಂದು ಅಂದಾಜಿಸಿ ಸುಮಾರು 8000ದಿಂದ ಎಣಿಕೆ ಆರಂಭಿಸಿದರು. ಹತ್ತು ಲಕ್ಷದ ಗಿಟಾರ್ ಹೊರಬಂದದ್ದು 2004ರಲ್ಲಿ. ಪ್ರತಿ ವರ್ಷದ ಕೊನೆಯ ಸಂಖ್ಯೆ ದಾಖಲಾಗಿದೆ: 1943ಕ್ಕೆ 86724, 1944ಕ್ಕೆ 90149. ನಿಮ್ಮ ಗಿಟಾರಿನ ಸಂಖ್ಯೆ 88 ಸಾವಿರದ ಚಿಲ್ಲರೆ ಆಗಿದ್ದರೆ ಅದು 1944ರದ್ದು, ಮುಗಿಯಿತು. 1930ರ ಕೊನೆಯಿಂದ ಸಂಖ್ಯೆಯ ಮೇಲೆ ಮಾದರಿಯ ಹೆಸರನ್ನೂ ಒತ್ತಿದ್ದಾರೆ.

ಆದರೆ ಗಿಟಾರಿನ ಬಿರಡೆಗಳಿರುವ ತಲೆಯ ಮೇಲಿನ ಬರಹವನ್ನು ನಂಬಿ ಬೀಗಬೇಡಿ. 1932ರಿಂದೀಚೆಗೆ ಅಲ್ಲಿ ಕಂಪನಿಯ ಹೆಸರಿನ ಕೆಳಗೆ ‘ಸ್ಥಾಪನೆ 1833’ ಎಂಬರ್ಥದ ಇಂಗ್ಲಿಷ್ ಅಕ್ಷರಗಳಿವೆ. ತಾತನ ಗಿಟಾರ್ 1833ರದ್ದು ಎಂದು ಹಿಗ್ಗಿದವರ ಸಂಖ್ಯೆ ದೊಡ್ಡದು. ಅದರ ತದ್ವಿರುದ್ಧ ತಮಾಷೆಯೂ ಇದೆ. 1898ಕ್ಕೆ ಮುಂಚಿನ ಗಿಟಾರುಗಳ ಒಳಗೆ ‘ನ್ಯೂಯಾರ್ಕ್’ ಎಂದು ಮುದ್ರೆಯಿದೆ. ಮೊದಲ ಕೆಲವು ವರ್ಷ ಬಿಟ್ಟರೆ ಮಾಡಿದ್ದು ನಜರೆತ್‌ನಲ್ಲಿ, ಮಾರಾಟದ ಏಜೆಂಟರು ಇದ್ದದ್ದು ನ್ಯೂಯಾರ್ಕಿನಲ್ಲಿ, ಊರಿನ ಹೆಸರಿಗೆ ಬೆಲೆ ಇದ್ದದ್ದೂ ಅಲ್ಲೇ. ಹಾಗಾಗಿ ‘ನ್ಯೂಯಾರ್ಕ್’ ಮುದ್ರೆ ಕಂಡರೆ ಊರು ತಪ್ಪು, ಕಾಲ ಸರಿ.

ಮಿಷಿಗನ್‌ನ ಕಲಮಜೂದಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಅಂಕಿಗಳ ಕಥೆ ಬೇರೆ. ಅರವತ್ತರ ದಶಕದಲ್ಲಿ ಬಳಸಿದ ಆರಂಕಿ ಸಂಖ್ಯೆಗಳನ್ನೇ 1970ರಿಂದ 1975ರವರೆಗೆ ಮತ್ತೆ ಒತ್ತಿದರು. ಒಂದೇ ಸಂಖ್ಯೆಯ ಎರಡು-ಮೂರು ಗಿಟಾರುಗಳು, ಒಂದೊಂದೂ ಬೇರೆ ವರ್ಷದವು. ಅದೃಷ್ಟಕ್ಕೆ 1970ರಿಂದ ತಲೆಯ ಹಿಂಬದಿಯಲ್ಲಿ ‘ಮೇಡ್ ಇನ್ ಯುಎಸ್ಎ’ ಎಂದೂ ಒತ್ತತೊಡಗಿದ್ದರಿಂದ ಬಿಕ್ಕಟ್ಟು ಸ್ವಲ್ಪ ಸಡಿಲವಾಗುತ್ತದೆ. 1977ರ ನಂತರ ಯಾರಿಗೋ ಬುದ್ಧಿ ಬಂತು. ಎಂಟು ಅಂಕಿಗಳಲ್ಲಿ ಮೊದಲನೆಯದು ಮತ್ತು ಐದನೆಯದು ಸೇರಿ ವರ್ಷ, ನಡುವಿನ ಮೂರು ವರ್ಷದ ಎಷ್ಟನೇ ದಿನ ಎಂಬುದು. 82765501 ಎಂದಿದ್ದರೆ 1985, 276ನೇ ದಿನ, ಎಂದರೆ ಅಕ್ಟೋಬರ್ 3.

ಸಂಖ್ಯೆ ಕಾಗದಪತ್ರವಿದ್ದಂತೆ, ಅದನ್ನು ತಿದ್ದಬಹುದು. ಮೈಯನ್ನು ತಿದ್ದುವುದು ಕಷ್ಟ. ಅದಕ್ಕೇ ಅನುಭವಿಗಳು ಸಂಖ್ಯೆ ಓದಿದ ಮೇಲೂ ಮೈಯನ್ನು ಕೇಳುತ್ತಾರೆ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಅಯಸ್ಕಾಂತದ ಪರೀಕ್ಷೆ. ಮಾರ್ಟಿನ್ ನೆಕ್‌ಗಳು ಬಾಗದಿರಲೆಂದು ಒಳಗೆ ಹಿಂದೆಲ್ಲ ಎಬನಿ ಮರದ ಪಟ್ಟಿ ಹುದುಗಿಸುತ್ತಿದ್ದರು. 1934ರಲ್ಲಿ ಅದರ ಜಾಗಕ್ಕೆ ಟಿ ಆಕಾರದ ಉಕ್ಕಿನ ಪಟ್ಟಿ ಬಂತು. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿದ ಮೇಲೆ ಉಕ್ಕಿಗೆ ರೇಷನ್ ಆಯಿತು. 1942ರಿಂದ 1945ರವರೆಗೆ ಮತ್ತೆ ಎಬನಿ. ಯುದ್ಧ ಮುಗಿದ ಮೇಲೆ ಮತ್ತೆ ಉಕ್ಕು. ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಸಣ್ಣ ಬಲವಾದ ಅಯಸ್ಕಾಂತವೊಂದನ್ನು ಫಿಂಗರ್‌ಬೋರ್ಡಿನ ಮೇಲೆ ದಾರದಲ್ಲಿ ಇಳಿಬಿಟ್ಟರೆ ಸಾಕು. ಫ್ರೆಟ್‌ಗಳು ತಾಮ್ರ, ನಿಕಲ್, ಸತುವಿನ ಮಿಶ್ರಲೋಹವಾದ್ದರಿಂದ ಅವು ಸೆಳೆಯುವುದಿಲ್ಲ. ಅಯಸ್ಕಾಂತ ಒಳಗಿನ ಉಕ್ಕಿಗೆ ವಾಲಿತೋ, ಯುದ್ಧಕಾಲದ ಗಿಟಾರ್ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ಸಾಕ್ಷಿ ಒಳಪಟ್ಟಿಗಳು. ಮೂವತ್ತರ ದಶಕದ ಮಾರ್ಟಿನ್‌ಗಳಲ್ಲಿ ಎಕ್ಸ್ ಪಟ್ಟಿಗಳನ್ನು ನಡುನಡುವೆ ಕಮಾನಿನಂತೆ ಕೆತ್ತಿ ಹಗುರ ಮಾಡಿರುತ್ತಾರೆ. ವಾದಕರು ದಪ್ಪ ತಂತಿ ಬಿಗಿದು ಹಲಗೆಗಳನ್ನು ಉಬ್ಬಿಸಿ ವಾರಂಟಿಗೆ ತರುವುದು ಹೆಚ್ಚಾದಾಗ ಕಂಪನಿ ಬೇಸತ್ತು 1944ರ ಕೊನೆಗೆ, 89926ನೇ ಸಂಖ್ಯೆಯಿಂದ, ಆ ಕೆತ್ತನೆಯನ್ನೇ ಕೈಬಿಟ್ಟಿತು. ಅದೇ ವರ್ಷದ, ಹೊರಗಿನಿಂದ ಒಂದೇ ಥರ ಕಾಣುವ ಡಿ-28 ಎಂಬ ಮಾದರಿಯ ಎರಡು ಗಿಟಾರುಗಳಲ್ಲಿ ಒಂದರ ಒಳಗೆ ಕೆತ್ತಿದ ಪಟ್ಟಿ, ಇನ್ನೊಂದರೊಳಗೆ ನೇರ ಪಟ್ಟಿ. ಬೆಲೆಯಲ್ಲಿ ಭಾರಿ ಅಂತರ. ಹೀಗಾದ ಮೇಲೆ ಉಳಿ ಹಿಡಿದು ಸೌಂಡ್‌ಹೋಲಿನೊಳಗೆ ಕೈಹಾಕಿ ನೇರ ಪಟ್ಟಿಯನ್ನು ಕೆತ್ತಿ ‘ಹಳೆಯದು’ ಮಾಡುವವರೂ ಹುಟ್ಟಿಕೊಂಡರು. ಕಾರ್ಖಾನೆಯವರು ಹಲಗೆಗೆ ಅಂಟಿಸಿದ ಮೇಲೆ, ಡಬ್ಬಿ ಮುಚ್ಚುವ ಮುಂಚೆ, ಹೊರಗಿನಿಂದ ಆರಾಮವಾಗಿ ಕೆತ್ತಿದವರು. ಗುಟ್ಟಿನಲ್ಲಿ ಕೆತ್ತುವವನು ಮೊಣಕೈವರೆಗೆ ಒಳಗೆ ತೂರಿಸಿ ಕುರುಡಾಗಿ ಕೆತ್ತಬೇಕು. ಉಳಿಯ ಗುರುತುಗಳ ದಿಕ್ಕೇ ಅವನನ್ನು ಹಿಡಿದುಕೊಡುತ್ತದೆ. ಹಲ್ಲಿನ ವೈದ್ಯರು ಬಳಸುವಂಥ ಕನ್ನಡಿಯೊಂದು ಬೇಕು ಅಷ್ಟೇ. ಸಣ್ಣಪುಟ್ಟ ಸಾಕ್ಷಿಗಳು ಇನ್ನೂ ಇವೆ. ಇಪ್ಪತ್ತರ ದಶಕದ್ದೆಂದು ತೋರಿಸಿದ ಗಿಟಾರಿನ ಬಿರಡೆಗಳನ್ನು ಸ್ಟಾರ್ ತಲೆಯ ಸ್ಕ್ರೂಗಳು ಹಿಡಿದಿದ್ದರೆ ಅವು ಆಮೇಲೆ ಬಂದವು, ಏಕೆಂದರೆ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು ಮೂವತ್ತರ ದಶಕದ ನಡುವಿನಲ್ಲಿ.

ಪಾಲಿಶ್ ಕೂಡ ಕ್ಯಾಲೆಂಡರೇ. 1920ರ ದಶಕದವರೆಗೆ ಒಳ್ಳೆಯ ಗಿಟಾರುಗಳಿಗೆ ಹಚ್ಚುತ್ತಿದ್ದದ್ದು ಶೆಲ್ಯಾಕ್. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೆ ಕಾರಣವಾದ ಅರಗಿನ ಶುದ್ಧರೂಪ ಅದು. ಆ ಕಾಲದಲ್ಲಿ ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ದೇಶದಿಂದಲೇ. ನಂತರ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂತು. ಬೇಗ ಒಣಗುತ್ತದೆ, ಸ್ಪ್ರೇ ಮಾಡಬಹುದು. ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಶೆಲ್ಯಾಕ್ ಕಿತ್ತಳೆ ಬಣ್ಣದಲ್ಲಿ, ಹಳೆಯ ನೈಟ್ರೋ ಹಳದಿ-ಹಸಿರಿನಲ್ಲಿ ಮಿನುಗುತ್ತದೆ. ಇತ್ತೀಚೆಗೆ ತೇಪೆ ಹಾಕಿದ ಜಾಗ ಮಾತ್ರ ಕಪ್ಪು ಕಲೆಯಾಗಿ ಉಳಿಯುತ್ತದೆ. ಹಳೆಯ ಪಾಲಿಶ್ ಪೂರಾ ಉಜ್ಜಿ ತೆಗೆದು ಹೊಸದು ಹೊಡೆದರೆ ಗಿಟಾರ್ ಮದುಮಗಳಂತಾಗುತ್ತದೆ, ಬೆಲೆ ಅರ್ಧಕ್ಕಿಳಿಯುತ್ತದೆ. ವ್ಯಾಪಾರಿಗಳ ಈ ಹಟವನ್ನು ನಾನು ಬರೀ ಜಂಬ ಎಂದು ತಳ್ಳಿಹಾಕಲಾರೆ. ಉಜ್ಜುಕಾಗದ ಪಾಲಿಶಿನ ಜೊತೆ ಒಂದಿಷ್ಟು ಮರವನ್ನೂ ತಿನ್ನುತ್ತದೆ, ಮೂರು ಮಿಲಿಮೀಟರಿನಲ್ಲಿ ಅದು ದೊಡ್ಡ ಪಾಲು.

ದುರಸ್ತಿಗಳಲ್ಲೆಲ್ಲ ದೊಡ್ಡದು ನೆಕ್ ರೀಸೆಟ್. ವರ್ಷಗಟ್ಟಲೆ ಎಳೆತದಲ್ಲಿ ಡಬ್ಬಿಯ ಮೇಲ್ಭಾಗ ಕೂದಲೆಳೆಯಷ್ಟು ಒಳಕ್ಕೆ ಮಡಚಿಕೊಂಡು ನೆಕ್ ಮುಂದಕ್ಕೆ ವಾಲುತ್ತದೆ. ತಂತಿಗಳು ಫಿಂಗರ್‌ಬೋರ್ಡಿನಿಂದ ಮೇಲೇರುತ್ತವೆ, ಬೆರಳು ನೋಯುತ್ತದೆ, ಒತ್ತಿದಾಗ ಶ್ರುತಿ ಏರುತ್ತದೆ. ಉಕ್ಕಿನ ತಂತಿಯ ಗಿಟಾರ್ ಕೆಲವು ದಶಕ ಬದುಕಿದರೆ ಈ ಚಿಕಿತ್ಸೆ ಒಮ್ಮೆಯಾದರೂ ಬೇಕಾಗುತ್ತದೆ. ಇದನ್ನು ಗಿಟಾರಿನ ದೋಷವೆಂದು ಭಾವಿಸಬೇಕಿಲ್ಲ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಆಗಾಗ ಹೊಸದಾಗಿ ಕೂರಿಸುವುದನ್ನು ನಮ್ಮ ವೈಣಿಕರು ದೋಷವೆಂದು ಭಾವಿಸುವುದಿಲ್ಲವಷ್ಟೆ.

ಎಷ್ಟು ಸರಿಪಡಿಸಬೇಕು ಎಂಬುದು ಹೈಸ್ಕೂಲಿನ ಸಮರೂಪ ತ್ರಿಭುಜದ ಲೆಕ್ಕ. ಹನ್ನೆರಡನೇ ಫ್ರೆಟ್ ತಂತಿಯ ಸರಿಯರ್ಧಕ್ಕಿದೆ. ಅಲ್ಲಿ ತಂತಿ 1.5 ಮಿಲಿಮೀಟರ್ ಇಳಿಯಬೇಕೆಂದರೆ, ಫ್ರೆಟ್‌ಗಳ ಸಾಲನ್ನು ಮುಂದಕ್ಕೆ ಚಾಚಿದ ಗೆರೆ ಸ್ಯಾಡಲಿನ ಹತ್ತಿರ 3 ಮಿಲಿಮೀಟರ್ ಮೇಲೇರಬೇಕು. ಡಿ-28ರಲ್ಲಿ ತಂತಿಯ ನುಡಿಯುವ ಉದ್ದ 645 ಮಿಲಿಮೀಟರ್. ನೆಕ್ ಡಬ್ಬಿಗೆ ಕೂಡುವುದು ಹದಿನಾಲ್ಕನೇ ಫ್ರೆಟ್‌ನಲ್ಲಿ, ಅಲ್ಲಿಂದ ಸ್ಯಾಡಲಿಗೆ 287 ಮಿಲಿಮೀಟರ್. ನೆಕ್‌ನ ಬುಡ, ಅದನ್ನು ಹೀಲ್ ಎನ್ನುತ್ತಾರೆ, 90 ಮಿಲಿಮೀಟರ್ ಆಳವಿದೆ ಎನ್ನಿ. ಮೂರನ್ನು 287ರಿಂದ ಭಾಗಿಸಿ 90ರಿಂದ ಗುಣಿಸಿದರೆ 0.94. ಹೀಲಿನ ತುದಿಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಮರವನ್ನು, ಮೇಲಕ್ಕೆ ಹೋದಂತೆ ಸೊನ್ನೆಯಾಗುವ ಹಾಗೆ ತೆಗೆದರೆ ಕೆಲಸ ಮುಗಿಯಿತು. ಕೋನದಲ್ಲಿ ಹೇಳುವುದಾದರೆ 0.6 ಡಿಗ್ರಿ.

ಅಷ್ಟು ತೆಗೆಯಲು ನೆಕ್ಕನ್ನು ಕಳಚಬೇಕು, ಅದು ಕೂತಿರುವುದೋ ಡವ್‌ಟೇಲ್ ಸಂದಿನಲ್ಲಿ. ಅಗಲವಾದ ಬಾಲ ಒಳಗೆ, ಸಪೂರ ಕುತ್ತಿಗೆ ಹೊರಗೆ. ಎಳೆದರೆ ಬರುವುದಿಲ್ಲ, ಮೇಲಕ್ಕೆ ಜಾರಿಸಿದರೆ ಮಾತ್ರ ಬರುತ್ತದೆ. ಮೊದಲು ಮೇಲ್ಹಲಗೆಗೆ ಅಂಟಿರುವ ಫಿಂಗರ್‌ಬೋರ್ಡಿನ ತುದಿಯನ್ನು ಬಿಸಿಮಾಡಿ, ಅಡಿಗೆ ತೆಳುವಾದ ಚಾಕು ತೂರಿಸಿ ನಿಧಾನಕ್ಕೆ ಬಿಡಿಸುತ್ತಾರೆ. ಆಮೇಲೆ ಹದಿನೈದನೇ ಫ್ರೆಟ್ಟನ್ನು ಎತ್ತಿ, ಅದರ ಸೀಳಿನೊಳಗೇ ಎರಡು ಮಿಲಿಮೀಟರಿನ ರಂಧ್ರ ಕೊರೆಯುತ್ತಾರೆ. ಅದು ಸರಿಯಾಗಿ ಸಂದಿನ ತುದಿಯಲ್ಲಿರುವ ಸಣ್ಣ ಪೊಳ್ಳಿಗೆ ಇಳಿಯುತ್ತದೆ. ಫ್ರೆಟ್ಟನ್ನು ಮರಳಿ ಕೂರಿಸಿದರೆ ರಂಧ್ರ ಇದ್ದದ್ದೇ ಗೊತ್ತಾಗದು. ಆ ರಂಧ್ರಕ್ಕೆ ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿಯನ್ನು ಇಳಿಸಿ, ಪ್ರೆಷರ್ ಕುಕ್ಕರಿನಿಂದಲೋ ಕಾಫಿ ಯಂತ್ರದಿಂದಲೋ ಕೊಳವೆಯಲ್ಲಿ ಬಂದ ಹಬೆಯನ್ನು ಬಿಡುತ್ತಾರೆ. ಹಬೆ ಹೆಚ್ಚಾದರೆ ಹೊರಗಿನ ಲ್ಯಾಕರ್ ಬೆಳ್ಳಗಾಗುತ್ತದೆ, ಕಡಿಮೆಯಾದರೆ ಅಂಟು ಬಿಡುವುದಿಲ್ಲ. ಕೆಲವು ನಿಮಿಷ ಕಳೆದ ಮೇಲೆ ಹೀಲಿನ ಅಡಿಯಿಂದ ಕಂದು ನೀರು ಜಿನುಗುತ್ತದೆ, ಬೇಯಿಸಿದ ಚರ್ಮದ ವಾಸನೆ ಬರುತ್ತದೆ, ಕ್ಲ್ಯಾಂಪನ್ನು ಕಾಲು ಸುತ್ತು ತಿರುಗಿಸಿದಾಗ ನೆಕ್ ಸಣ್ಣಗೆ ನಿಟ್ಟುಸಿರಿಟ್ಟು ಮೇಲೇಳುತ್ತದೆ.

ಆ ವಾಸನೆಯೇ ಇಡೀ ಕಥೆಯ ನಾಯಕ. ಹಿಂದಿನವರು ಬಳಸಿದ್ದು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟು, ರಸಾಯನಶಾಸ್ತ್ರದಲ್ಲಿ ಹೇಳುವುದಾದರೆ ಕೊಲಾಜನ್ ಎಂಬ ಪ್ರೋಟೀನು ಒಡೆದು ಆದ ಜೆಲಾಟಿನ್. ಒಣಗಿದಾಗ ಗಾಜಿನಂತೆ ಗಟ್ಟಿ. ವರ್ಷಾನುಗಟ್ಟಲೆ ಎಳೆತದಲ್ಲೂ ಜಾರುವುದಿಲ್ಲ. ಆದರೆ ಬಿಸಿ ಮತ್ತು ನೀರು ಒಟ್ಟಿಗೆ ತಾಗಿದರೆ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ಅಣುಸರಪಳಿಗಳ ನಡುವಿನ ಹಿಡಿತ ಸಡಿಲಿ ಮತ್ತೆ ಗಂಜಿಯಾಗುತ್ತದೆ. ಹೊಸ ಅಂಟು ಹಳೆಯದರ ಮೇಲೂ ಕೂಡಿಕೊಳ್ಳುತ್ತದೆ. ಮುಂದೊಂದು ದಿನ ಇನ್ನೊಬ್ಬ ಬಂದು ಬಿಚ್ಚಬಹುದು ಎಂದು ತಿಳಿದೇ ಜೋಡಿಸಿದಂತಿದೆ ಇದು. ದುರಸ್ತಿಯವರ ಶಾಪವೆಲ್ಲ ಎಪಾಕ್ಸಿಗೆ ಮೀಸಲು. ಹಿಂದೆ ಯಾರೋ ಅವಸರದವನು ಸಂದಿನೊಳಗೆ ಎಪಾಕ್ಸಿ ಸುರಿದಿದ್ದರೆ ಹಬೆಗೆ ಅದು ಬಗ್ಗುವುದಿಲ್ಲ, ಮರವೇ ಹರಿದು ಬರುತ್ತದೆ.

ಕಳಚಿದ ನೆಕ್ ತೇವ ಕುಡಿದು ಉಬ್ಬಿರುತ್ತದೆ. ಅದು ಒಣಗಲು ದಿನಗಟ್ಟಲೆ ಕಾಯಬೇಕು. ಆಮೇಲೆ ಹರಿತ ಉಳಿಯಿಂದ ಹೀಲಿನ ಎರಡು ಕೆನ್ನೆಗಳನ್ನು ಕೆತ್ತಿ, ಕೊನೆಗೆ ಉಜ್ಜುಕಾಗದದ ಪಟ್ಟಿಯನ್ನು ಸಂದಿನಲ್ಲಿಟ್ಟು ಎಳೆದೆಳೆದು ಹದ ಮಾಡುತ್ತಾರೆ. ಕೆತ್ತಿದ್ದರಿಂದ ಬಾಲ ಸಡಿಲವಾಗುತ್ತದೆ. ಮಹಾಗನಿಯ ಕಾಗದದಷ್ಟು ತೆಳು ಚಕ್ಕೆಗಳನ್ನು ಅದರ ಮಗ್ಗುಲಿಗೆ ಅಂಟಿಸಿ, ಸೀಮೆಸುಣ್ಣ ಸವರಿ, ಎಲ್ಲಿ ತಾಗುತ್ತದೆ ಎಂದು ನೋಡಿ ಮತ್ತೆ ಕೆತ್ತಬೇಕು. ಸರಿಯಾಗಿ ಕೂತ ಸಂದು ಅಂಟಿಲ್ಲದೆಯೂ ತಂತಿಯ ಎಳೆತ ತಡೆಯುತ್ತದೆ ಎಂದು ಬಲ್ಲವರು ಹೇಳುತ್ತಾರೆ.

ಇಷ್ಟೆಲ್ಲ ಬೇಡವೆಂದು ಹಿಂದೆ ಬಹಳ ಜನ ಅಡ್ಡದಾರಿ ಹಿಡಿದರು. ಬ್ರಿಡ್ಜನ್ನೇ ಹೆರೆದು ತೆಳ್ಳಗೆ ಮಾಡಿದರು. ಆಗ ತಂತಿಯೇನೋ ಇಳಿಯುತ್ತದೆ. ಆದರೆ ಹಲಗೆಯಿಂದ ತಂತಿಯ ಎತ್ತರ ಕಡಿಮೆಯಾಗಿ ಹಲಗೆಯನ್ನು ತೂಗುವ ಬಲವೂ ಇಳಿಯುತ್ತದೆ, ದನಿ ಸಪ್ಪೆಯಾಗುತ್ತದೆ. ಜೊತೆಗೆ ಮೂಲ ಬ್ರಿಡ್ಜ್ ಎಂಬ ಸಾಕ್ಷ್ಯವೂ ಹೋಯಿತು. ಮಾರ್ಟಿನ್‌ನಲ್ಲಿ ಎರಡು ತುದಿಗೂ ಪುಟ್ಟ ಪಿರಮಿಡ್ ಇರುವ ಬ್ರಿಡ್ಜ್ ಹೋಗಿ ಹೊಟ್ಟೆ ಚಾಚಿದ ಬ್ರಿಡ್ಜ್ ಬಂದದ್ದು 1930ರ ಸುಮಾರಿನಲ್ಲಿ. ಆ ಆಕಾರವನ್ನೇ ಹೆರೆದುಬಿಟ್ಟರೆ ಓದುವುದೇನನ್ನು?

ಎಳೆತದ ನಂತರದ ಶತ್ರು ಒಣಹವೆ. ಸ್ಪ್ರೂಸ್ ಹಲಗೆ ನಾರಿನ ಉದ್ದಕ್ಕೆ ಹೆಚ್ಚೂಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಗಾಳಿಯ ತೇವಾಂಶ ಶೇ. 50 ಇದ್ದಾಗ ಮರದೊಳಗಿನ ನೀರು ಅದರ ತೂಕದ ಸುಮಾರು ಶೇ. 9. ಅಮೆರಿಕದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿಯ ತೇವ ಶೇ. 25ಕ್ಕೆ ಇಳಿದರೆ ಮರದ ನೀರು ಶೇ. 5ಕ್ಕೆ ಬರುತ್ತದೆ. ಆಗ 400 ಮಿಲಿಮೀಟರ್ ಅಗಲದ ಹಲಗೆ 2.4 ಮಿಲಿಮೀಟರಿನಷ್ಟು ಕಿರಿದಾಗಲು ನೋಡುತ್ತದೆ. ಆದರೆ ಅಡ್ಡಕ್ಕೆ ಅಂಟಿಸಿದ ಪಟ್ಟಿಗಳು, ಸುತ್ತಲಿನ ಅಂಚು ಅದನ್ನು ಬಿಡುವುದಿಲ್ಲ. ಕುಗ್ಗಲೂ ಆಗದೆ ಇರಲೂ ಆಗದೆ ಹಲಗೆ ಸೀಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿದ್ದ ಗಿಟಾರ್ ಬೇಸಿಗೆಯ ಕಲಬುರಗಿಗೆ ವರ್ಗವಾದ ಯಜಮಾನರ ಜೊತೆ ಹೋದರೂ ಇದೇ ಗತಿ. ಹಳೆಯ ಮಾರ್ಟಿನ್‌ಗಳಲ್ಲಿ ಇದಕ್ಕೊಂದು ವಿಶೇಷ ರೂಪವುಂಟು. ಪಿಕ್‌ಗಾರ್ಡಿನ ಸೆಲ್ಯುಲಾಯ್ಡ್ ತುಂಡನ್ನು ಪಾಲಿಶ್ ಹಚ್ಚುವ ಮೊದಲೇ ಬರೀ ಮರಕ್ಕೆ ಅಂಟಿಸುತ್ತಿದ್ದರು. ಪ್ಲಾಸ್ಟಿಕ್ಕು ವರ್ಷಗಳಲ್ಲಿ ಕುಗ್ಗುತ್ತ ಮರವನ್ನೂ ಎಳೆದುಕೊಂಡು ತನ್ನ ಅಂಚಿನುದ್ದಕ್ಕೆ ನೇರ ಬಿರುಕು ಬಿಡಿಸುತ್ತದೆ. ಆ ಬಿರುಕು ಎಷ್ಟು ಸಾಮಾನ್ಯವೆಂದರೆ ಅದು ಇಲ್ಲದಿದ್ದರೆ ಪಿಕ್‌ಗಾರ್ಡ್ ಬದಲಾಗಿದೆಯೇ ಎಂದು ಅನುಮಾನಿಸುವವರಿದ್ದಾರೆ.

ಬಿರುಕಿಗೆ ಮೊದಲ ಔಷಧ ಅಂಟಲ್ಲ, ತೇವ. ಒದ್ದೆ ಸ್ಪಂಜನ್ನು ಡಬ್ಬಿಯೊಳಗಿಟ್ಟು ಕೆಲವು ದಿನ ಬಿಟ್ಟರೆ ಹಲಗೆ ಉಬ್ಬಿ ಎಷ್ಟೋ ಬಿರುಕುಗಳು ತಾವೇ ಮುಚ್ಚಿಕೊಳ್ಳುತ್ತವೆ. ಆಮೇಲೆ ಅಂಟು ಉಣಿಸಿ, ಒಳಗಿನಿಂದ ಸ್ಪ್ರೂಸಿನ ಪುಟ್ಟ ವಜ್ರಾಕೃತಿಯ ಚೂರುಗಳನ್ನು ಬಿರುಕಿಗೆ ಅಡ್ಡವಾಗಿ ಅಂಟಿಸುತ್ತಾರೆ. ಮುಚ್ಚಲಾರದಷ್ಟು ಅಗಲವಾದದ್ದಕ್ಕೆ ಮಾತ್ರ ಹಳೆಯ ಮರದ ಎಳೆಯೊಂದನ್ನು ತೂರಿಸಬೇಕಾಗುತ್ತದೆ.

ಮರದ ಮಾತು ಬಂದಾಗ ನಮ್ಮ ಮಲೆನಾಡು ಈ ಕಥೆಯೊಳಗೆ ನೇರವಾಗಿ ಕಾಲಿಡುತ್ತದೆ. ಡಿ-28ರ ಬೆನ್ನು ಮತ್ತು ಪಕ್ಕೆಗಳು 1969ರವರೆಗೆ ಬ್ರೆಜಿಲ್‌ನ ರೋಸ್‌ವುಡ್ಡಿನವು. ಆ ದೇಶ ದಿಮ್ಮಿಗಳ ರಫ್ತಿಗೆ ತಡೆಹಾಕಿದಾಗ ಮಾರ್ಟಿನ್ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಅದೇ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಬೀಟೆ ಮರ, ಮೈಸೂರಿನ ಕುಸುರಿ ಕೆತ್ತನೆಯವರ ಮರ. ಹಾಗಾಗಿ ಬೆನ್ನಿನಲ್ಲಿ ಬೀಟೆ ಕಂಡ ಡಿ-28 ಸಾಮಾನ್ಯವಾಗಿ 1969ರ ಕೊನೆಗೆ ಅಥವಾ ಆಮೇಲೆ ಹುಟ್ಟಿದ್ದು. ಬರಿಗಣ್ಣಿಗೆ ಎರಡರ ವ್ಯತ್ಯಾಸ ಹೇಳುವುದು ಅನುಭವಿಗಳಿಗೂ ಕೆಲವೊಮ್ಮೆ ಕಷ್ಟ. ಪ್ರಯೋಗಾಲಯದಲ್ಲಿ ಒಂದು ಸಣ್ಣ ಸಿಬಿರನ್ನು ಮಾಸ್ ಸ್ಪೆಕ್ಟ್ರೊಮೀಟರಿಗೆ ಕೊಟ್ಟರೆ ಮರದೊಳಗಿನ ರಾಸಾಯನಿಕಗಳ ಸಾಲೇ ಜಾತಿ ಹೇಳುತ್ತದೆ. 1992ರಿಂದ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಠಿಣ ನಿರ್ಬಂಧವಿದೆ, ಹಳೆಯ ಗಿಟಾರ್ ಗಡಿ ದಾಟಲೂ ಕಾಗದಪತ್ರ ಬೇಕು. 2017ರಲ್ಲಿ ಬೀಟೆ ಸೇರಿ ಆ ಇಡೀ ಕುಲವನ್ನು ನಿಯಂತ್ರಣಕ್ಕೆ ತಂದರು, ಸಂಗೀತಗಾರರೆಲ್ಲ ಗೋಳಾಡಿದ ಮೇಲೆ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಬ್ರೆಜಿಲ್ ಮರಕ್ಕೆ ಆ ವಿನಾಯಿತಿಯೂ ಇಲ್ಲ.

ಬ್ರೆಜಿಲ್ ಮರದ ಗಿಟಾರಿಗೆ ಸಂಗ್ರಾಹಕರು ಕೊಡುವ ದುಪ್ಪಟ್ಟು ಬೆಲೆಗೆ ದನಿ ಕಾರಣವೇ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ನೆನಪಿಡುವಂಥದ್ದು. ರೋಜರ್ ಬಕ್ನಾಲ್ ಎಂಬ ಕುಶಲಕರ್ಮಿ ಆರು ಗಿಟಾರುಗಳನ್ನು ಒಂದೇ ಅಚ್ಚಿನಲ್ಲಿ ಕಟ್ಟಿದರು, ಬೆನ್ನು-ಪಕ್ಕೆಯ ಮರ ಮಾತ್ರ ಬೇರೆ ಬೇರೆ. ಬೆಸುಗೆ ಹಾಕುವವರ ಕಪ್ಪು ಕನ್ನಡಕ ತೊಡಿಸಿ, ಮಂದ ಬೆಳಕಿನಲ್ಲಿ 52 ಗಿಟಾರ್ ವಾದಕರಿಗೆ ಅವನ್ನು ನುಡಿಸಲು ಕೊಟ್ಟರು. ದುಬಾರಿ ಬ್ರೆಜಿಲ್ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವ ಅಂತರವೇ ಇರಲಿಲ್ಲ. ದನಿಯ ಹೆಚ್ಚುಪಾಲು ಮೇಲ್ಹಲಗೆಯದು ಎಂದು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸಂಗ್ರಾಹಕರು ಕೊಳ್ಳುತ್ತಿರುವುದು ಬಹುಮಟ್ಟಿಗೆ ಇತಿಹಾಸವನ್ನು. ಅದರಲ್ಲಿ ತಪ್ಪಿಲ್ಲ, ಅದನ್ನು ದನಿ ಎಂದು ಕರೆಯದಿದ್ದರೆ ಸಾಕು.

ಅಂಕಿಯೂ ಇಲ್ಲದ, ಮುದ್ರೆಯೂ ಇಲ್ಲದ ಯುರೋಪಿನ ಹಳೆಯ ವಾದ್ಯಗಳಿಗೆ ಕೊನೆಯ ಆಸರೆ ಮರದ ಉಂಗುರಗಳು. ಸ್ಪ್ರೂಸ್ ಹಲಗೆಯ ಮೇಲಿನ ಪ್ರತಿ ಗೆರೆ ಒಂದು ವರ್ಷ. ಮಳೆ-ಚಳಿಗೆ ತಕ್ಕಂತೆ ಅಗಲ ಕಿರಿದಾಗುವ ಆ ಗೆರೆಗಳ ಸಾಲನ್ನು ಆಲ್ಪ್ಸ್ ಮರಗಳ ಗೊತ್ತಿರುವ ಸಾಲಿಗೆ ಹೊಂದಿಸಿ ನೋಡುತ್ತಾರೆ. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿರುವ ‘ಮೆಸಾಯ’ ಎಂಬ ಸ್ಟ್ರಾಡಿವರಿ ಪಿಟೀಲು 1716ರದ್ದಲ್ಲ, ಹತ್ತೊಂಬತ್ತನೆಯ ಶತಮಾನದ ನಕಲು ಎಂಬ ಗುಲ್ಲೆದ್ದಾಗ ಉಂಗುರಗಳನ್ನು ಎಣಿಸಿದರು: 1577ರಿಂದ 1687. ಅಂದರೆ ಪಿಟೀಲು 1687ಕ್ಕಿಂತ ಹಿಂದಿನದಾಗಿರಲಾರದು, ಸ್ಟ್ರಾಡಿವರಿಯ ಕಾಲಕ್ಕೆ ಹೊಂದುತ್ತದೆ. ಉಂಗುರ ಹೇಳುವುದು ಇಷ್ಟೇ. ಮರ ಕಡಿದ ಮೇಲೆ ಹಲಗೆ ಎಷ್ಟು ಕಾಲ ಒಣಗಿತು, ಯಾರ ಕೈ ಸೇರಿತು ಎಂಬುದನ್ನು ಅದು ಹೇಳುವುದಿಲ್ಲ.

ಈ ಅಧ್ಯಾಯದ ನಿಯಮಗಳನ್ನೆಲ್ಲ ಮುರಿದ ಗಿಟಾರೊಂದಿದೆ. ಹಾಡುಗಾರ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ ಮಾರ್ಟಿನ್ ಎನ್-20, ಅವರಿಟ್ಟ ಹೆಸರು ಟ್ರಿಗರ್. ಬೆರಳಿನಲ್ಲಿ ನುಡಿಸಬೇಕಾದ ನೈಲಾನ್ ತಂತಿಯ ಗಿಟಾರ್ ಅದು, ಪಿಕ್‌ಗಾರ್ಡ್ ಇಲ್ಲ. ನೆಲ್ಸನ್ ದಶಕಗಟ್ಟಲೆ ಪಿಕ್ ಹಿಡಿದೇ ನುಡಿಸಿದರು, ಸೌಂಡ್‌ಹೋಲಿನ ಪಕ್ಕ ಹಲಗೆ ಸವೆದು ಇನ್ನೊಂದು ತೂತಾಯಿತು. ಹಲಗೆಯ ತುಂಬ ಗೆಳೆಯರ ಸಹಿಗಳು. ಅದನ್ನು ನೋಡಿಕೊಳ್ಳುವ ಟೆಕ್ಸಸ್‌ನ ಆಸ್ಟಿನ್ ನಗರದ ಮಾರ್ಕ್ ಎರ್ಲ್‌ವೈನ್ ಒಳಗಿನ ಪಟ್ಟಿಗಳನ್ನು ಭದ್ರಪಡಿಸುತ್ತಾರೆ, ಹೊರಗೆ ಲ್ಯಾಕರ್ ಹಚ್ಚುತ್ತಾರೆ, ತೂತಿನ ತಂಟೆಗೆ ಹೋಗುವುದಿಲ್ಲ. ಹಲಗೆ ಇನ್ನೂ ನಿಂತಿರುವುದಕ್ಕೆ ನೈಲಾನ್ ತಂತಿಗಳೂ ಕಾರಣ. ಅವುಗಳ ಎಳೆತ ಉಕ್ಕಿನದರ ಸುಮಾರು ಅರ್ಧ.